ಕಿವಿಯಕ್ಕ ಕೊಂಡ ಗ್ರಾಫಿಕ್ಸ್ ಕಾರ್ಡು

ಬೀದಿಯವರೆಲ್ಲ ಆಕೆಯನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಬೆಂಕಿಯಲ್ಲೋ ಅಪಘಾತದಲ್ಲೋ ಕಾಯಿಲೆಯಲ್ಲೋ ಕಿವಿ, ಮೂಗು, ಬೆರಳು ಕಳೆದುಕೊಂಡವರಿಗೆ ಸಿಲಿಕೋನಿನಲ್ಲಿ ಅವನ್ನು ಮಾಡಿಕೊಡುವುದು ಆಕೆಯ ಕಸುಬು. ಈ ಬೀದಿಗೆ ಬಂದ ಹೊಸದರಲ್ಲಿ ಮಾಡಿದ್ದು ಒಬ್ಬ ಬೆಸುಗೆಯವನ ಕಿವಿ. ಅವನು ಅದನ್ನು ಹಾಕಿಕೊಂಡು ಅಂಗಡಿ ಅಂಗಡಿಗೂ ಹೋಗಿ ತೋರಿಸಿದ್ದರಿಂದ ಹೆಸರು ಹಾಗೇ ಅಂಟಿಕೊಂಡಿತು.

ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಕಿಟಕಿಯ ಕೆಳಗೆ ಬಣ್ಣದ ಬಾಟಲಿಗಳು, ಗೋಡೆಗೆ ಒರಗಿದಂತೆ ಪ್ಲಾಸ್ಟರಿನ ಅಚ್ಚುಗಳು, ಮೂಲೆಯ ಮೇಜಿನ ಮೇಲೆ ಕಂಪ್ಯೂಟರು. ಅತ್ತೆ ಆ ಕೋಣೆಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು ಕೆಮ್ಮುತ್ತಿದ್ದರು. ಒಣಗಲು ಇಟ್ಟ ಮೂಗು ಬೆರಳುಗಳ ಮೇಲೆ ಸೊಸೆ ಒಂದು ಬಟ್ಟೆ ಹೊದಿಸಲಿ ಎಂಬುದು ಆ ಕೆಮ್ಮಿನ ಅರ್ಥ. "ಸದ್ಯ, ಕಣ್ಣು ಮಾಡಲ್ಲ ನೀನು. ಮಾಡಿದ್ರೆ ನಾನು ಈ ಕಡೆ ತಲೆ ಹಾಕ್ತಿರಲಿಲ್ಲ," ಎನ್ನುತ್ತಿದ್ದರು.

ಆ ವರ್ಷ ಆಕೆಯ ಬಳಿಗೆ ಒಬ್ಬ ಶಾಲಾ ಶಿಕ್ಷಕಿ ಬಂದರು. ಕಾಯಿಲೆಯಿಂದಾಗಿ ವೈದ್ಯರು ಅವರ ಮೂಗನ್ನು ತೆಗೆಯಬೇಕಾಗಿ ಬಂದಿತ್ತು. ಗಾಯ ಮಾಗಿತ್ತು, ಜೀವಕ್ಕೆ ಭಯವಿಲ್ಲ ಎಂದೂ ಹೇಳಿದ್ದರು. ಆದರೆ ಟೀಚರಮ್ಮ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರು. ಬಂದರೂ ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚುತ್ತಿರಲಿಲ್ಲ. ರಜೆ ಮುಗಿದು ಶಾಲೆ ಸೋಮವಾರ ಶುರುವಾಗುವುದಿತ್ತು. ಅವತ್ತು ತರಗತಿಗೆ ಹೋಗುತ್ತೇನೆ, ಹೋಗದಿದ್ದರೆ ಇನ್ನು ಯಾವತ್ತೂ ಹೋಗಲಾರೆ ಎಂದು ಅವರು ಕಿವಿಯಕ್ಕನಿಗೆ ಮೊದಲೇ ಹೇಳಿಟ್ಟಿದ್ದರು. ಆ ಮಾತಿನಲ್ಲಿ ಹಟವೇನೂ ಇರಲಿಲ್ಲ. ಬಸ್ಸು ಇಷ್ಟು ಹೊತ್ತಿಗೆ ಬಿಡುತ್ತದೆ ಎಂದು ಹೇಳುವ ಹಾಗೆ ಹೇಳಿದ್ದರು.

ಕಿವಿಯಕ್ಕ ಮೊದಲು ತನ್ನ ಗುರುಗಳು ಕಲಿಸಿದಂತೆ ಮೇಣದಲ್ಲಿ ಕೈಯಿಂದಲೇ ಒಂದು ಮೂಗು ತಿದ್ದಿದಳು. ಅಂಚು ಚೆನ್ನಾಗಿ ಕೂತಿತು. ಟೀಚರಮ್ಮ ಕನ್ನಡಿ ಹಿಡಿದು ನೋಡಿ, ಬಹಳ ಚೆನ್ನಾಗಿದೆ, ಆದರೆ ಇದು ಇನ್ಯಾರದೋ ಎಂದು ಮೆಲ್ಲಗೆ ಹೇಳಿ ಕನ್ನಡಿ ಕೆಳಗಿಟ್ಟರು. ಆಗ ಕಿವಿಯಕ್ಕ ಅವರ ಹಳೆಯ ಫೋಟೋಗಳನ್ನೆಲ್ಲ ತರಿಸಿಕೊಂಡಳು. ಮುಖದ ಅಳತೆಯನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಇಳಿಸಿ, ಫೋಟೋಗಳನ್ನು ಎದುರಿಗಿಟ್ಟುಕೊಂಡು ತೆರೆಯ ಮೇಲೆ ಮೂಗನ್ನು ಮತ್ತೆ ಕಟ್ಟತೊಡಗಿದಳು. ತೆರೆಯ ಮೇಲೆ ಮುಗಿದ ಮೇಲೆ ಅಚ್ಚನ್ನು 3ಡಿ ಪ್ರಿಂಟರಿನಲ್ಲಿ ತೆಗೆದು, ಸಿಲಿಕೋನ್ ತುಂಬಿ, ಬಣ್ಣ ಹಾಕಿದರಾಯಿತು.

ಅರ್ಧ ಮುಗಿದಿತ್ತು. ಆ ಸೋಮವಾರಕ್ಕೆ ಐದೇ ದಿನವಿದೆ ಎನ್ನುವಾಗ, ಬುಧವಾರ ಮಧ್ಯಾಹ್ನ, ತೆರೆಯ ಮೇಲೆ ಹಸಿರು ಗೆರೆಗಳು ಎದ್ದವು, ಆಮೇಲೆ ಎಲ್ಲ ಕಪ್ಪಾಯಿತು. ಕಂಪ್ಯೂಟರಿನೊಳಗಿನ ಫ್ಯಾನು ಗುಂಯ್‌ಗುಡುತ್ತಲೇ ಇತ್ತು.

ಕಿವಿಯಕ್ಕನ ತಮ್ಮ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಮ್ಮ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅಕ್ಕನೇ ಓದಿಸಿ, ಮದುವೆ ಮಾಡಿ, ಒಂದು ದಡ ಮುಟ್ಟಿಸಿದವಳು. ಫೋನು ಮಾಡಿದ ತಕ್ಷಣ ಬಂದ. ಕಂಪ್ಯೂಟರಿನ ಮಗ್ಗುಲು ಬಿಚ್ಚಿದರೆ ಒಳಗೆಲ್ಲ ಪ್ಲಾಸ್ಟರಿನ ಬಿಳಿ ಪುಡಿ, ಹಿಟ್ಟಿನ ಗಿರಣಿಯ ಹಾಗೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಪುಡಿಯಲ್ಲಿ ಹೂತು ತಿರುಗದೆ ನಿಂತಿತ್ತು. ಚಿತ್ರವನ್ನು ತೆರೆಗೆ ತರುವುದೇ ಆ ಕಾರ್ಡು. ಅದು ಸುಟ್ಟು ಹೋಗಿದೆ, ಹೊಸದೇ ಬೇಕು ಎಂದ.

ಬೇರೆ ಕಂಪ್ಯೂಟರಿನಲ್ಲಿ ಮಾಡೋಣವೆಂದರೆ ಮೂಗು ಕಟ್ಟುವ ತಂತ್ರಾಂಶದ ಪರವಾನಗಿ ಆ ಒಂದು ಯಂತ್ರಕ್ಕೇ ಗಂಟು ಬಿದ್ದಿತ್ತು. ಆನ್‌ಲೈನಿನಲ್ಲಿ ತರಿಸೋಣವೆಂದರೆ ಸೋಮವಾರ ಕಳೆದ ಮೇಲೆ ಬರುತ್ತಿತ್ತು. ಯಾವುದನ್ನು ಕೊಳ್ಳಬೇಕೆಂದು ಕಿವಿಯಕ್ಕ ಫೋನಿನಲ್ಲಿ ಹುಡುಕಿದಳು. ಅಗ್ಗದ ಕಾರ್ಡುಗಳನ್ನು ಹೋಲಿಸಿ ಮಾತಾಡುವವರೆಲ್ಲ ಗುಂಡು ಹಾರಿಸುವ ಆಟಗಳ ಬಗ್ಗೆಯೇ ಮಾತಾಡುತ್ತಿದ್ದರು. ಒಬ್ಬ ಹೊಗಳಿದ ಕಂಪನಿಯನ್ನು ಇನ್ನೊಬ್ಬ ಕಸಕ್ಕೆ ಹಾಕುತ್ತಿದ್ದ. ನೋಡುತ್ತ ನೋಡುತ್ತ ಆಕೆಗೆ ತಲೆ ಚಿಟ್ಟು ಹಿಡಿಯಿತು. ನೀನೇ ಒಂದು ನೋಡಿ ತಾ ಎಂದು ತಮ್ಮನಿಗೇ ಬಿಟ್ಟಳು.

ಗುರುವಾರ ಬೆಳಿಗ್ಗೆ ಅವನು ಒಂದು ಕೆಂಪು ಡಬ್ಬ ತಂದ. ದೊಡ್ಡ ಕಂಪನಿಯದು, ಮೇಲೆ ಉಕ್ಕಿನ ರೆಕ್ಕೆಯ ಹಕ್ಕಿಯ ಚಿತ್ರ, ಸೀಲು ಒಡೆದಿರಲಿಲ್ಲ. ತಾನೇ ಕೂಡಿಸಿದ. ತೆರೆ ಬೆಳಗಿತು. ಕಿವಿಯಕ್ಕ ಅವನಿಗೆ ಕಾಫಿ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ, ಬಂದು ಕೆಲಸಕ್ಕೆ ಕೂತಳು.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಮೂಗಿನ ಹೊಳ್ಳೆಗಳ ಬಾಗು, ತುದಿಯ ಸಣ್ಣ ತಗ್ಗು ಎಲ್ಲ ಬಂದವು. ಚರ್ಮದ ರಂಧ್ರಗಳನ್ನು ಮೂಡಿಸಲು ಶುರು ಮಾಡಿದಾಗ ಕಡತ ಭಾರವಾಯಿತು. ಮುಖವನ್ನು ಒಂದು ಸುತ್ತು ತಿರುಗಿಸಿದ್ದೇ ತಡ, ತೆರೆ ಕಪ್ಪಾಯಿತು. ಮತ್ತೆ ಹಚ್ಚಿದರೆ ಬೆಳಗಿನಿಂದ ಮಾಡಿದ್ದೆಲ್ಲ ಹೋಗಿತ್ತು. ಉಳಿಸುವ ಗುಂಡಿ ಒತ್ತುತ್ತಲೇ ಇದ್ದಳು, ಆದರೆ ಹಾಗೆ ಉಳಿಸಿದ ಕಡತವೂ ಕೆಟ್ಟು ತೆರೆಯದಂತಾಗಿತ್ತು. ತನ್ನ ಕೈತಪ್ಪೇ ಇರಬೇಕೆಂದುಕೊಂಡು ಬುಧವಾರದ ಹಳೆಯ ಪ್ರತಿಯಿಂದ ಮತ್ತೆ ಮಾಡಿದಳು. ಶುಕ್ರವಾರ ಬೆಳಿಗ್ಗೆ ಅದೇ ಜಾಗಕ್ಕೆ ಬಂದಾಗ ತೆರೆ ಮತ್ತೆ ಕಪ್ಪಾಯಿತು.

ಆಗಲೇ ಟೀಚರಮ್ಮನ ಫೋನು. ಬಣ್ಣ ಹೊಂದಿಸಲು ಯಾವಾಗ ಬರಲಿ ಎಂದು ಕೇಳಿದರು. ಭಾನುವಾರ ಬೆಳಿಗ್ಗೆ ಬನ್ನಿ ಎಂದು ಕಿವಿಯಕ್ಕ ಹೇಳಿಬಿಟ್ಟಳು. ಅಡುಗೆಮನೆಯಿಂದ ಅತ್ತೆ ಊಟಕ್ಕೆ ಕರೆದರು. ಹಸಿವಿಲ್ಲ ಎಂದಳು.

ತಮ್ಮ ಮಾಡಿದ್ದನ್ನು ನೋಡಿದ್ದಳಲ್ಲ, ಹಾಗೇ ಸ್ಕ್ರೂ ಬಿಚ್ಚಿ ಕಾರ್ಡನ್ನು ಹೊರಗೆ ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದಳು. ಕಾರ್ಡಿನ ಒಳಗು ಹೊರಗು ಆಕೆಗೆ ತಿಳಿಯದು. ಆದರೆ ಇಷ್ಟು ವರ್ಷ ಜನರ ಚರ್ಮದ ಬಣ್ಣವನ್ನು ಹಗಲು ಬೆಳಕಿನಲ್ಲಿ ಹೊಂದಿಸಿ ಹೊಂದಿಸಿ ಕಣ್ಣು ಪಳಗಿತ್ತು. ಚಿಪ್ ಕೂರಿಸಿದ ಹಲಗೆಯ ಹಸಿರು ಎಲ್ಲ ಕಡೆ ಒಂದೇ ಇರಲಿಲ್ಲ. ನಡುವೆ ಚಿಪ್‌ನ ಸುತ್ತ ಅದು ಕಂದಿತ್ತು, ಬಹಳ ದಿನ ಒಲೆಯ ಹತ್ತಿರವಿದ್ದ ಗೋಡೆಯ ಹಾಗೆ. ಅಂಚಿನ ತಗಡಿಗೆ ಕಪ್ಪು ಬಣ್ಣ ಬಳಿದಿದ್ದರು. ಉಗುರಿನಿಂದ ಕೆರೆದರೆ ಕೆಳಗೆ ತುಕ್ಕಿನ ಚುಕ್ಕೆ. ಸ್ಕ್ರೂಗಳ ತಲೆಯ ಮೇಲೆಲ್ಲ ಗೀರು, ಯಾರೋ ಹಿಂದೆಯೂ ಬಿಚ್ಚಿದ್ದರು.

ಮೊದಲು ಆಕೆಗೆ ಸಿಟ್ಟು ಬಂದದ್ದು ಅಂಗಡಿಯ ಮೇಲೆ. ಪಾಪ, ತಮ್ಮನನ್ನೂ ಯಾಮಾರಿಸಿದ್ದಾರೆ ಎನ್ನಿಸಿತು. ಕಾರ್ಡನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಆದರೆ ಬಸ್ಸಿನಲ್ಲಿ ಕೂತಾಗ ಗುರುವಾರದ ಬೆಳಿಗ್ಗೆ ನೆನಪಾಯಿತು. ಡಬ್ಬ ಒಡೆದಾಗಿನಿಂದ ಕೂಡಿಸುವವರೆಗೆ ತಮ್ಮ ಕಾರ್ಡನ್ನು ಆಕೆಯ ಕೈಗೆ ಕೊಟ್ಟೇ ಇರಲಿಲ್ಲ. ಸಣ್ಣವನಿದ್ದಾಗಿಂದಲೂ ಏನೇ ಹೊಸದು ತಂದರೂ, ನೋಡಕ್ಕಾ ನೋಡಕ್ಕಾ ಎಂದು ಮೂಗಿಗೇ ಹಿಡಿಯುತ್ತಿದ್ದವನು. ಅಲ್ಲಿಂದ ಇಳಿಯುವವರೆಗೆ ಆಕೆ ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತಿದ್ದಳು.

ಅಂಗಡಿ ಮೊದಲ ಮಹಡಿಯಲ್ಲಿತ್ತು. ಇಕ್ಕಟ್ಟಾದ ಮೆಟ್ಟಿಲು. ಒಳಗೆ ಗಾಜಿನ ಕಪಾಟುಗಳು, ಕೊನೆಯಲ್ಲಿ ಮಾಲೀಕರ ಕುರ್ಚಿ. ತಮ್ಮ ಯಾರಿಗೋ ಕೀಬೋರ್ಡು ತೋರಿಸುತ್ತಿದ್ದ. ಅಕ್ಕನನ್ನು ನೋಡಿದ, ಆಮೇಲೆ ಚೀಲವನ್ನು ನೋಡಿದ. ಕೀಬೋರ್ಡು ಗಿರಾಕಿಯ ಕೈಗೆ ಕೊಟ್ಟು ಮೆಟ್ಟಿಲಿನ ಕಡೆಗೆ ಬಂದ. ಇಬ್ಬರೂ ತಿರುವಿನಲ್ಲಿ ನಿಂತರು.

"ಇದು ಹೊಸದಾ?" ಎಂದಳು.

"ಡಬ್ಬ ಸೀಲ್ ಆಗೇ ಇತ್ತಲ್ಲಕ್ಕ."

"ಡಬ್ಬದ ಮಾತು ಬಿಡು. ಒಳಗಿರೋದನ್ನ ಕೇಳ್ತಿದೀನಿ."

ಕೆಳಗಿನಿಂದ ಒಬ್ಬ ದೊಡ್ಡ ಪೆಟ್ಟಿಗೆ ಹೊತ್ತು ಬಂದ. ಅವನು ದಾಟುವವರೆಗೆ ಇಬ್ಬರೂ ಗೋಡೆಗೆ ಅಂಟಿ ನಿಂತರು. ಅವನ ಹೆಜ್ಜೆಯ ಸದ್ದು ನಿಂತ ಮೇಲೆ ತಮ್ಮ ಮೇಲೆ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

"ಹೊಸದಲ್ಲ," ಎಂದ ಕೊನೆಗೆ.

ಆಮೇಲೆ ಎಲ್ಲವನ್ನೂ ಹೇಳಿದ. ಕಂಪ್ಯೂಟರಿನಲ್ಲಿ ಡಿಜಿಟಲ್ ನಾಣ್ಯ ಹುಟ್ಟಿಸುವ ದಂಧೆಯವರು ಹಗಲು ರಾತ್ರಿ ಎನ್ನದೆ ಓಡಿಸಿ ಬಿಟ್ಟ ಕಾರ್ಡುಗಳು ಮೂಟೆಯಲ್ಲಿ ಬರುತ್ತಿದ್ದವು. ಮಾಲೀಕರು ಅವನ್ನು ತೊಳೆಸಿ, ಬಣ್ಣ ಬಳಿಸಿ, ಹೊಸ ಡಬ್ಬಕ್ಕೆ ಹಾಕಿಸಿ, ಅಗ್ಗದ ಬೆಲೆಗೆ ಹೊಸದೆಂದು ಮಾರುತ್ತಿದ್ದರು. ಕಂಪನಿಗೆ ಇದರ ಗಂಧಗಾಳಿಯೂ ಇಲ್ಲ. ಕೆಲವು ಚೆನ್ನಾಗಿಯೇ ನಡೆಯುತ್ತಿದ್ದವು. ಕೆಲವು ಭಾರ ಬಿದ್ದರೆ ಕೈ ಕೊಡುತ್ತಿದ್ದವು.

"ನೀನು ಆಟ ಗೀಟ ಆಡಲ್ಲ. ಮೂಗು ಕಿವಿ ತಿರುಗಿಸ್ತೀಯ ಅಷ್ಟೇ. ಎರಡು ವರ್ಷ ಬಾಳತ್ತೆ ಅಂದ್ಕೊಂಡೆ. ನಿನಗೂ ಕಮ್ಮಿಗೆ ಆಗತ್ತಲ್ಲ ಅಂತ."

"ಆ ಟೀಚರಮ್ಮ ಸೋಮವಾರ ಮಕ್ಕಳ ಮುಂದೆ ನಿಲ್ಲಬೇಕು ಕಣೋ. ಆಗಲ್ಲ ಅಂತ ಅವರಿಗೆ ಯಾರು ಹೇಳೋದು, ನಾನಾ ನೀನಾ?"

ಅವನು ತಲೆ ತಗ್ಗಿಸಿದ. ನನ್ನದು ತಪ್ಪಾಯಿತು, ನಿನಗೆ ಕೊಡಬಾರದಿತ್ತು ಎಂದ.

"ನನಗೆ ಕೊಡಬಾರದಿತ್ತು ಅಂತೀಯ," ಎಂದಳು ಕಿವಿಯಕ್ಕ. "ಬೇರೆಯವರಿಗೆ?"

ಅವನು ಮೇಲೆ ಅಂಗಡಿಯ ಬಾಗಿಲ ಕಡೆ ನೋಡಿದ. ಬೈದು ಹೋಗಿಬಿಡಬೇಕು ಎಂದು ಆಕೆಗೆ ಒಂದು ಕ್ಷಣ ಅನ್ನಿಸಿತು. ಆದರೆ ಹೊತ್ತು ಜಾರುತ್ತಿತ್ತು, ಪೇಟೆಯಲ್ಲಿ ಗೊತ್ತಿರುವ ಅಂಗಡಿ ಇನ್ನೊಂದಿರಲಿಲ್ಲ. ಇದ್ದಿದ್ದರೂ ಅಲ್ಲಿಯದು ಅಸಲೋ ನಕಲೋ ಹೇಳುವವರು ಯಾರು. ಬಾ ಒಳಗೆ ಎಂದಳು.

ಮಾಲೀಕರು ಎದ್ದು ಬಂದರು. ಆಕೆ ಟವೆಲ್ ಬಿಚ್ಚಿ ಕಾರ್ಡನ್ನು ಗಾಜಿನ ಮೇಲಿಟ್ಟಳು. ಇದು ಬೇಡ, ಕಂಪನಿಯಿಂದ ನೇರ ಬಂದದ್ದು ತೋರಿಸಿ ಎಂದಳು. ಮಾಲೀಕರು ಅದನ್ನು ನೋಡಿದರು, ತಮ್ಮನ ಮುಖ ನೋಡಿದರು, ವಾದಿಸಲಿಲ್ಲ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಕಪಾಟಿನಿಂದ ಮೂರು ಡಬ್ಬ ಇಳಿಸಿದರು. ಒಂದು ಅದೇ ಕೆಂಪು ಡಬ್ಬದ ದೊಡ್ಡ ಕಂಪನಿಯದು. ಇನ್ನೊಂದು ಕಪ್ಪು ಡಬ್ಬ, ಎರಡು ಫ್ಯಾನು, ದೀಪಗಳು. ಮೂರನೆಯದು ಚಿತ್ರವೇ ಇಲ್ಲದ ಬಿಳಿ ಡಬ್ಬ, ಚಿಕ್ಕದು, ಮೇಲೆ ತೆಳ್ಳಗೆ ಧೂಳು.

"ಮೂರರಲ್ಲೂ ಚಿಪ್ ಒಂದೇ ಅಮ್ಮ. ಚಿಪ್ ಮಾಡೋ ಕಂಪನಿ ಒಂದೇ, ಸುತ್ತಲಿಂದು ಮಾಡೋರು ಬೇರೆ ಬೇರೆ," ಎಂದರು ಮಾಲೀಕರು. "ಕಪ್ಪುದು ತಗೊಳ್ಳಿ. ಎರಡು ಫ್ಯಾನ್ ಇದೆ, ತಣ್ಣಗಿರತ್ತೆ. ಈ ವಾರ ಇದೇ ಜಾಸ್ತಿ ಹೋಗಿರೋದು."

ಕಿವಿಯಕ್ಕ ತಮ್ಮನ ಕಡೆ ತಿರುಗಿದಳು. "ನೀನು ಹೇಳು. ನನ್ನ ಮೇಜಿಗೆ ಯಾವುದು ಸರಿ, ಯಾಕೆ ಸರಿ. ಇವರ ಮುಂದೇನೇ ಹೇಳು."

ಮಾಲೀಕರು ಕೈ ಕಟ್ಟಿ ನಿಂತರು. ಪಕ್ಕದಲ್ಲಿ ಕೀಬೋರ್ಡು ನೋಡುತ್ತಿದ್ದ ಗಿರಾಕಿಯೂ ಈ ಕಡೆಗೆ ಕಿವಿ ಕೊಟ್ಟಿದ್ದ. ಕೊನೆಗೆ ತಮ್ಮ ಕಪ್ಪು ಡಬ್ಬವನ್ನು ಪಕ್ಕಕ್ಕೆ ಸರಿಸಿದ. ಅದಕ್ಕೆ ಬೇರೆ ಕರೆಂಟಿನ ವೈರು ಎಳೆಯಬೇಕು, ಅಕ್ಕನ ಕಂಪ್ಯೂಟರಿನಲ್ಲಿ ಆ ವೈರೇ ಇಲ್ಲ, ಉದ್ದವೂ ಹೆಚ್ಚು, ಕಂಪ್ಯೂಟರಿನೊಳಗೆ ಕೂರುವುದಿಲ್ಲ ಎಂದ. ಕೆಂಪು ಡಬ್ಬದ್ದು ಕೂರುತ್ತದೆ, ಆದರೆ ಆ ಹೆಸರಿನಲ್ಲೇ ಎರಡು ಬಗೆ ಬರುತ್ತವೆ, ಕಪಾಟಿನಲ್ಲಿರುವುದು ಅರ್ಧ ಮೆಮೊರಿಯದು. ಅಷ್ಟರಲ್ಲಿ ಅಕ್ಕನ ಭಾರದ ಕಡತಗಳು ಹಿಡಿಸುವುದಿಲ್ಲ ಎಂದ. ಆಮೇಲೆ ಬಿಳಿ ಡಬ್ಬವನ್ನು ಅಕ್ಕನ ಮುಂದಕ್ಕೆ ತಳ್ಳಿದ. ಮಾಲೀಕರ ಕಡೆ ನೋಡಲಿಲ್ಲ.

"ಬಿಳಿ ಡಬ್ಬದ್ದು ಯಾರೂ ಕೇಳಲ್ಲ," ಎಂದ. "ನಮಗೂ ಅದರಲ್ಲಿ ಏನೂ ಗಿಟ್ಟಲ್ಲ, ಅದಕ್ಕೇ ನಾವೂ ತೋರಿಸಲ್ಲ. ಮೆಮೊರಿ ಪೂರ್ತಿ ಇದೆ. ವೈರು ಬೇಡ. ಫ್ಯಾನ್ ಬಿಚ್ಚಿ ಪುಡಿ ತೆಗೀಬಹುದು, ಹಾಗೆ ಬಿಚ್ಚಿದ್ರೂ ಈ ಕಂಪನಿಯೋರು ವಾರಂಟಿ ಇಲ್ಲ ಅನ್ನಲ್ಲ. ಬೇರೆ ಎರಡರಲ್ಲಿ ಸ್ಕ್ರೂ ಮೇಲೆ ಕಾಗದ ಅಂಟಿಸಿರ್ತಾರೆ, ಅದು ಹರಿದ್ರೆ ಮುಗೀತು. ಇವರ ಸರ್ವಿಸ್ ಸೆಂಟರೂ ಇದೇ ಊರಲ್ಲಿದೆ. ನನ್ನ ಮನೆಗಾದ್ರೆ ಇದನ್ನೇ ಒಯ್ತಿದ್ದೆ."

ಮಾಲೀಕರು ಹಿಂದಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಕೆಂಪು ಡಬ್ಬದ ಕಾರ್ಡಿಗೆ ಕೊಟ್ಟಿದ್ದ ಹಣ ಇದಕ್ಕೆ ಜಮೆಯಾಯಿತು. ಹೊರಡುವಾಗ ಕಿವಿಯಕ್ಕ ಹೊಸ ಡಬ್ಬವನ್ನು ಅಲ್ಲೇ ತೆರೆಸಿ, ಕಿಟಕಿಗೆ ಒಯ್ದು, ಹಲಗೆಯ ಹಸಿರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನಿಗೆ ಆ ನೋಟ ಬೈಗುಳಕ್ಕಿಂತ ಹೆಚ್ಚು ತಾಕಿತೆಂದು ಆಮೇಲೊಮ್ಮೆ ಅವನೇ ಹೇಳಿದ.

ಬಿಳಿ ಡಬ್ಬದ ಕಾರ್ಡು ಕೂತಿತು, ಕಿವಿಯಕ್ಕ ಆ ರಾತ್ರಿಯೇ ಕಳೆದದ್ದನ್ನು ಮತ್ತೆ ಕಟ್ಟತೊಡಗಿದಳು. ಆದರೂ ಶನಿವಾರ ಬೆಳಿಗ್ಗೆ ಕಡತ ಭಾರವಾಗುವ ಆ ಜಾಗ ಹತ್ತಿರ ಬಂದಾಗ ಕಿವಿಯಕ್ಕನಿಗೆ ಮೌಸಿನ ಮೇಲೆ ಕೈ ಆಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದಳು. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅವತ್ತು ಕೆಮ್ಮಿರಲಿಲ್ಲ. ಏನಾದರೂ ಆಗಲಿ, ತಿರುಗಿಸು ಎಂದರು. ತಿರುಗಿಸಿದಳು. ಮುಖ ಒಂದು ಸುತ್ತು ಬಂತು, ಸ್ವಲ್ಪ ತಡೆಯಿತು, ಮತ್ತೆ ತಿರುಗಿತು. ಫ್ಯಾನಿನ ಸದ್ದು ಜೋರಾಯಿತು, ಆದರೆ ತೆರೆ ಬೆಳಗಿಯೇ ಇತ್ತು. ಅತ್ತೆ ಎಂದೂ ಇಲ್ಲದ ಹಾಗೆ ಒಳಗೆ ಬಂದು ಪಕ್ಕದ ಸ್ಟೂಲಿನಲ್ಲಿ ಕೂತು, ತೆರೆಯ ಮೇಲಿನ ಮೂಗನ್ನೇ ದಿಟ್ಟಿಸಿ ನೋಡಿದರು. ಯಾರಮ್ಮಾ ಇವರು, ಎಲ್ಲೋ ನೋಡಿದ ಹಾಗಿದೆ ಎಂದರು.

ಮಧ್ಯಾಹ್ನದ ಹೊತ್ತಿಗೆ ಅಚ್ಚು ಪ್ರಿಂಟರಿಗೆ ಹೋಯಿತು. ಭಾನುವಾರ ಬೆಳಿಗ್ಗೆ ಟೀಚರಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಕಿವಿಯಕ್ಕ ಅವರ ಕೆನ್ನೆಯ ಹತ್ತಿರ ಹಿಡಿದು ಹಿಡಿದು ಸಿಲಿಕೋನಿಗೆ ಬಣ್ಣ ಬೆರೆಸಿದಳು, ಅಚ್ಚಿಗೆ ತುಂಬಿದಳು, ಗಟ್ಟಿಯಾಗಲು ಓವನ್ನಿನಲ್ಲಿ ಇಟ್ಟಳು. ಅದು ಗಟ್ಟಿಯಾಗುವವರೆಗೆ ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಸಂಜೆ ಅಂಚು ಕತ್ತರಿಸಿ, ಕೆನ್ನೆಯಲ್ಲಿದ್ದ ಸಣ್ಣ ಮಚ್ಚೆಗಳ ಬಣ್ಣವನ್ನೇ ಅಲ್ಲಲ್ಲಿ ಚುಕ್ಕಿಯಿಟ್ಟು, ಅಂಟು ಹಚ್ಚಿ ಮುಖಕ್ಕೆ ಒತ್ತಿದಳು. ಕನ್ನಡಿ ಕೊಟ್ಟಳು.

ಟೀಚರಮ್ಮ ಬಹಳ ಹೊತ್ತು ನೋಡಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಮೂಗಿನ ನಡುವೆ ಬೆರಳಿಟ್ಟು ಮೆಲ್ಲಗೆ ಸವರಿದರು.

"ಇಲ್ಲಿ ಸ್ವಲ್ಪ ಡೊಂಕಿದೆ," ಎಂದರು ಟೀಚರಮ್ಮ.

"ಫೋಟೋದಲ್ಲಿ ಹಾಗೇ ಇತ್ತು, ಅದಕ್ಕೆ ಬಿಟ್ಟೆ. ಬೇಡ ಅಂದ್ರೆ..."

"ಬೇಡ, ಇರಲಿ. ನಮ್ಮಪ್ಪನದೂ ಹೀಗೇ ಇತ್ತು."

ಅಷ್ಟು ಹೇಳಿ ಅವರು ಕಟ್ಟಿಕೊಂಡು ಬಂದ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿದರು. ಬಾಗಿಲು ದಾಟಿ ಬೀದಿಗೆ ಇಳಿಯುವಾಗ ಒಮ್ಮೆ ನಿಂತರು. ಎದುರುಗಡೆಯಿಂದ ಜನ ಬರುತ್ತಿದ್ದರು. ಕಿವಿಯಕ್ಕ ಒಳಗಿನಿಂದ ನೋಡುತ್ತಿದ್ದಳು. ಯಾರೂ ತಿರುಗಿ ನೋಡಲಿಲ್ಲ. ಟೀಚರಮ್ಮ ನಡೆದು ಹೋದರು. ಸೋಮವಾರ ಶಾಲೆಗೂ ಹೋದರು.

ತಮ್ಮನ ಕಥೆ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಉತ್ತರಿಸದೆ ಬಿಟ್ಟ ಪ್ರಶ್ನೆ ಅವನನ್ನು ಕೊರೆಯುತ್ತಲೇ ಇತ್ತು. ತಾನು ಆ ಕಾರ್ಡುಗಳನ್ನು ಯಾರಿಗೆಲ್ಲ ಮಾರಿದ್ದನೋ ನೆನಪಿದ್ದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ, ನಿಮ್ಮದು ಹಳೆಯದು, ಬದಲಿಸಿಕೊಳ್ಳಿ ಎಂದು ಹೇಳತೊಡಗಿದ. ಕೆಲವರು ನಂಬಲಿಲ್ಲ, ಕೆಲವರು ಬೈದರು, ಕೆಲವರು ಅಂಗಡಿಗೆ ಬಂದು ಜಗಳಕ್ಕೆ ನಿಂತರು. ಮಾಲೀಕರು ಅವನನ್ನು ಕೆಲಸದಿಂದ ತೆಗೆದರು. ಊರಿನ ಬೇರೆ ಕಂಪ್ಯೂಟರ್ ಅಂಗಡಿಗಳವರಿಗೂ ಸುದ್ದಿ ಹೋಯಿತು, ಯಾರೂ ಕರೆಯಲಿಲ್ಲ. ಮನೆಯಲ್ಲಿ ಅವನ ಹೆಂಡತಿಗೆ ಸಿಟ್ಟು. ಅಕ್ಕ ತಮ್ಮ ಸೇರಿ ಹರಿಶ್ಚಂದ್ರರಾಗಲು ಹೋಗಿ ನನ್ನ ಒಲೆ ಆರಿಸಿದರು ಎಂದು ಬಂಧುಗಳ ಮುಂದೆಲ್ಲ ಆಡಿದಳು. ಕಿವಿಯಕ್ಕ ಹೋದರೆ ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಿದ್ದಳು, ಕೂತ್ಕೊಳ್ಳಿ ಎನ್ನುತ್ತಿರಲಿಲ್ಲ. ಕಿವಿಯಕ್ಕನಿಗೂ ಒಮ್ಮೊಮ್ಮೆ, ಸುಮ್ಮನೆ ಕಾರ್ಡು ಬದಲಿಸಿಕೊಂಡು ಬಂದಿದ್ದರೆ ಸಾಕಿತ್ತೇನೋ ಎನ್ನಿಸಿದ್ದುಂಟು.

ಮಳೆಗಾಲ ಕಳೆದ ಮೇಲೆ ತಮ್ಮನಿಗೆ ಒಂದು ಮುದ್ರಣಾಲಯದಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ಮೊದಲಿಗಿಂತ ಕಡಿಮೆ, ಕೈಗೆ ಯಾವಾಗಲೂ ಮಸಿ. ಆದರೆ ಮನೆಗೆ ಬಂದ ಮೇಲೆ ಫೋನು ಬಂದರೆ ಈಗ ಎದ್ದು ಹೊರಗೆ ಹೋಗಿ ಮಾತಾಡುವುದಿಲ್ಲ ಎಂದು ಅವನ ಹೆಂಡತಿಯೇ ಗಮನಿಸಿದಳು.

ಒಂದು ದಿನ ಆಕೆ ಕಿವಿಯಕ್ಕನ ಬಾಗಿಲಿಗೆ ಬಂದಳು, ಎಷ್ಟೋ ತಿಂಗಳ ಮೇಲೆ. ಒಳಗೆ ಬಂದು, ಬಟ್ಟೆ ಹೊದಿಸಿದ ಮೇಜಿನಿಂದ ದೂರದ ಕುರ್ಚಿ ಆರಿಸಿ ಕೂತು, ಸ್ವಲ್ಪ ಹೊತ್ತು ಆ ಮಾತು ಈ ಮಾತು ಆಡಿದಳು. ತನ್ನ ತಂಗಿ ಮನೆಗಳ ನಕ್ಷೆ ಬರೆಯುವ ಕೆಲಸ ಕಲಿಯುತ್ತಿದ್ದಾಳೆ, ಅವಳ ಕಂಪ್ಯೂಟರಿಗೆ ಕಡಿಮೆ ಬೆಲೆಯ ಕಾರ್ಡು ಬೇಕು ಎಂದಳು.

"ನಿನ್ನ ಗಂಡನ್ನೇ ಕೇಳಬಹುದಿತ್ತಲ್ಲ," ಎಂದಳು ಕಿವಿಯಕ್ಕ.

"ಕೇಳ್ದೆ ಅತ್ತಿಗೆ. ಊಟಕ್ಕೆ ಕೂತಾಗ ಶುರು ಮಾಡಿದ್ರು, ಕೈ ಒಣಗಿದ್ರೂ ಮುಗೀಲಿಲ್ಲ. ನೀವು ಎರಡು ಮಾತಲ್ಲಿ ಹೇಳಿಬಿಡಿ."

ಕಿವಿಯಕ್ಕ ನಕ್ಕಳು. ಅವಳೂ ನಕ್ಕಳು, ತಡವಾಗಿ. ಕಿವಿಯಕ್ಕ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಂಗಿಯ ಕಂಪ್ಯೂಟರಿನ ಒಳಗಿನ ಒಂದು ಫೋಟೋ ತರಿಸು, ಮೊದಲು ಜಾಗ ಎಷ್ಟಿದೆ ನೋಡೋಣ ಎಂದಳು.